ಇಂಟರ್ವಲ್‌ಗೆ ಉಪ್ಪಿಲ್ಲದ ಊಟ

ವೇಲಚೇರಿಯ ಆ ಫ್ಲಾಟಿನಲ್ಲಿ ಸಾಯುವ ಸೀನು ಮಾಡುವುದರಲ್ಲಿ ಇಂಟರ್ವಲ್‌ನನ್ನು ಮೀರಿಸುವವರಿರಲಿಲ್ಲ. ಕಿಟ್ಟು ಬೆರಳನ್ನೇ ಪಿಸ್ತೂಲು ಮಾಡಿ ‘ಢಿಶ್ಯುಂ’ ಎಂದರೆ ಸಾಕು, ನಾಯಿ ಮೂರು ಹೆಜ್ಜೆ ತೂರಾಡಿ, ದೊಪ್ಪನೆ ಬಿದ್ದು, ನಾಲ್ಕೂ ಕಾಲು ಮೇಲೆತ್ತುತ್ತಿತ್ತು. ಕಿಟ್ಟು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕೋಡಂಬಾಕ್ಕಂನ ಥಿಯೇಟರೊಂದರ ಹೊರಗೆ, ಅರ್ಧ ಸಿನಿಮಾ ಮುಗಿದ ಹೊತ್ತಿನಲ್ಲಿ ಸಿಕ್ಕ ಮರಿ ಅದು. ಅದಕ್ಕೇ ಆ ಹೆಸರು. ತಾಯಿ ಪಾಮರೇನಿಯನ್ ಇರಬೇಕು, ತಂದೆ ಬೀದಿಯವನು. ಒಟ್ಟಿನಲ್ಲಿ ಜಂಟಿ ನಿರ್ಮಾಣ.

ಈಗ 2003. ಕಿಟ್ಟು ಬಿಕಾಂ ಎರಡನೇ ವರ್ಷ, ನಾಯಿಗೆ ಹತ್ತು ವರ್ಷ. ಒಂದು ಭಾನುವಾರ ಅಪ್ಪ ಮುರಳೀಧರನ ವಿಮಾ ಆಫೀಸಿನವರು ಮನೆಗೆ ಬಂದಿದ್ದಾಗ, ಯಾರೂ ಢಿಶ್ಯುಂ ಅನ್ನದೆಯೇ ಇಂಟರ್ವಲ್ ಹಾಲಿನ ನಡುವೆ ಬಿದ್ದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

“ನೋಡಿ ಸಾರ್, ಆಕ್ಷನ್ ಅನ್ನೋಕ್ ಮುಂಚೇನೇ ಆರ್ಟಿಸ್ಟು ಶಾಟ್ ಕೊಟ್ಬಿಟ್ಟ!” ಎಂದು ಕಿಟ್ಟು ಕಾಲರ್ ಎಗರಿಸಿದ.

“ಮುಚ್ಚೋ ಬಾಯಿ,” ಎಂದಳು ಅಜ್ಜಿ ಲೀಲಮ್ಮ. “ಮಗು ನಾಲಿಗೆ ನೋಡು, ನೇರಳೆಹಣ್ಣು ತಿಂದಂಗಾಗಿದೆ.”

ಚಪ್ಪಾಳೆ ನಿಂತಿತು. ಅರ್ಧ ನಿಮಿಷದ ಮೇಲೆ ನಾಯಿ ಎದ್ದು ಕೂತು, ಬೇರೆ ಯಾರದೋ ಮನೆಗೆ ಬಂದವನ ಹಾಗೆ ಸುತ್ತ ನೋಡಿತು. ತಾನು ಬಿದ್ದ ಜಾಗ ಒದ್ದೆಯಾಗಿದ್ದು ಕಂಡು ತಲೆ ತಗ್ಗಿಸಿತು.

ಪೋರೂರಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಹೃದಯದ ಕವಾಟ ಸೋರುತ್ತಿದೆ, ರಕ್ತ ಹಿಂದಕ್ಕೆ ಬರುತ್ತಿದೆ, ಶ್ವಾಸಕೋಶದಲ್ಲಿ ನೀರು ಸೇರಲು ಶುರುವಾಗಿದೆ. ವಾಸಿಯಾಗುವ ಕಾಯಿಲೆಯಲ್ಲ, ಸರಿಯಾಗಿ ನೋಡಿಕೊಂಡರೆ ಒಂದು ವರ್ಷ, ಅದೃಷ್ಟವಿದ್ದರೆ ಎರಡು. ಓಡಿಸಬಾರದು, ಮೆಟ್ಟಿಲು ಹತ್ತಿಸಬಾರದು, ಹತ್ತಿರ ಕಿರುಚಬಾರದು. “ಉಪ್ಪು ಕೂಡವೇ ಕೂಡಾದು, ತಂಬಿ,” ಎಂದು ತಮಿಳಿನಲ್ಲಿ ಬೆರಳೆತ್ತಿ ಹೇಳಿದಳು. ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಎಣಿಸಬೇಕು. ನಿಮಿಷಕ್ಕೆ ಮೂವತ್ತು ದಾಟಿದರೆ ತಕ್ಷಣ ಕರೆತರಬೇಕು.

ಅಂದಿನಿಂದ ಕಿಟ್ಟುವಿನ ಬಾಯಿಗೆ ಸೆನ್ಸಾರ್ ಬಿತ್ತು. ಹಲ್ಲುಜ್ಜುವಾಗಲೂ ವಿಲನ್ ನಗು ನಗುತ್ತಿದ್ದ ಹುಡುಗ, ಮನೆಯೊಳಗೆ ಮೂಕಿ ಚಿತ್ರದ ನಟನ ಹಾಗೆ ಓಡಾಡತೊಡಗಿದ. ಉಪ್ಪಿಲ್ಲದ ಇಡ್ಲಿಯ ಹೊಟ್ಟೆಯಲ್ಲಿ ಮಾತ್ರೆ ಅಡಗಿಸಿ ಕೊಟ್ಟರೆ, ಇಂಟರ್ವಲ್ ಇಡ್ಲಿ ನುಂಗಿ ಮಾತ್ರೆಯನ್ನು ತೊಳೆದಿಟ್ಟ ಹಾಗೆ ನೆಲಕ್ಕೆ ಉಗುಳುತ್ತಿದ್ದ. ಕೊನೆಗೆ ಬಾಳೆಹಣ್ಣು ಗೆದ್ದಿತು. ನೀರು ಇಳಿಸುವ ಮಾತ್ರೆಯಾದ್ದರಿಂದ ಗಂಟೆಗೊಮ್ಮೆ ಉಚ್ಚೆ. ಲಿಫ್ಟಿಲ್ಲದ ಮನೆ, ಹನ್ನೊಂದು ಕಿಲೋ ನಾಯಿಯನ್ನು ಹೊತ್ತು ಎರಡು ಮಹಡಿ ಇಳಿಯಬೇಕು, ಹತ್ತಬೇಕು.

“ಎನ್ನ ಹೀರೋ, ತಿರುಂಬವುಮಾ?” ಎಂದು, ಮತ್ತೆ ಬಂದೆಯಾ ಎನ್ನುವಂತೆ, ವಾಚ್‌ಮನ್ ಪ್ರತಿಸಲ ನಗುವನು.

“ಆಮಾಣ್ಣಾ, ಸಾಮಿ ಊರ್ವಲಂ!” ಎಂದು ಕಿಟ್ಟು ಮೆರವಣಿಗೆ ಹೊರಟ ಉತ್ಸವಮೂರ್ತಿಯ ಹಾಗೆ ನಾಯಿಯನ್ನು ಎತ್ತಿ ಹಿಡಿಯುವನು.

ಇಷ್ಟೆಲ್ಲ ಮಾಡಿದರೂ ಮೂರನೇ ವಾರ ಉಸಿರು ನಲವತ್ತನಾಲ್ಕಕ್ಕೆ ಏರಿತು. ಮತ್ತೆ ಪೋರೂರು. “ಉಪ್ಪು ಕುಡುಕ್ಕಿರೀಂಗಳಾ?” ಎಂದು ಡಾಕ್ಟರಮ್ಮ ಕೇಳಿದಾಗ ಕಿಟ್ಟು ನಾಯಿಯ ತಲೆಯ ಮೇಲೆಯೇ ಕೈಯಿಟ್ಟು ಉಪ್ಪು ಕೊಡುತ್ತಿಲ್ಲವೆಂದು ಆಣೆ ಮಾಡಿದ. ಅವಳು ಮಾತ್ರೆ ಹೆಚ್ಚಿಸಿದಳು. ಇದಕ್ಕೂ ಇಳಿಯದಿದ್ದರೆ ಹೆಚ್ಚು ದಿನವಿಲ್ಲ ಎಂದಳು.

ಇಳಿಯಲಿಲ್ಲ. ನಲವತ್ತಾರು.

ಗುರುವಾರ ಕಾಲೇಜಿನಲ್ಲಿ ಸ್ಟ್ರೈಕ್. ಅಪ್ಪ ಅಮ್ಮ ಆಫೀಸಿನಲ್ಲಿದ್ದರು. ಹನ್ನೊಂದಕ್ಕೇ ಮನೆಗೆ ಬಂದ ಕಿಟ್ಟು, ಬಾಗಿಲಲ್ಲೇ ನಿಂತುಬಿಟ್ಟ. ಅಡುಗೆಮನೆಯ ನೆಲದ ಮೇಲೆ ಅಜ್ಜಿ ಸಾರನ್ನ ಕಲಸಿ, ಹಪ್ಪಳ ಪುಡಿ ಮಾಡಿ, “ತಿನ್ನಪ್ಪಾ ಬಂಗಾರ, ಯಾರೂ ಇಲ್ಲ,” ಎಂದು ಇಂಟರ್ವಲ್‌ಗೆ ತುತ್ತು ಕೊಡುತ್ತಿದ್ದಳು.

ಕೂಗಬೇಕು ಅನ್ನಿಸಿತು. ಕೂಗಿದರೆ ನಾಯಿ ಗಾಬರಿಯಾಗುತ್ತದೆ. ಹಾಗಾಗಿ ಅವನ ಜೀವನದ ಅತಿ ದೊಡ್ಡ ಜಗಳ ಪಿಸುಮಾತಿನಲ್ಲೇ ನಡೆಯಿತು.

“ಏನ್ ಮಾಡ್ತಿದೀಯ ಅಜ್ಜಿ? ಡಾಕ್ಟರ್ ಏನಂದ್ರು?”

“ಅವಳಿಗೇನು ಗೊತ್ತೋ?” ಅಜ್ಜಿಯದೂ ಪಿಸುಮಾತೇ. “ಉಪ್ಪಿಲ್ಲದ ಅನ್ನ ಯಾರಿಗಿಡ್ತಾರೆ? ಪಿಂಡಕ್ಕೆ! ನಿಮ್ಮ ತಾತಂಗೆ ಹತ್ತು ದಿನ ಈ ಕೈಲೇ ಬೇಯಿಸಿಕೊಟ್ಟಿದೀನಿ. ಎಲೆ ಹಾಕಿದ್ರೆ ಮೊದಲು ತುದೀಗೆ ಉಪ್ಪು ಬಡಿಸೋ ಮನೆ ಇದು. ಬದುಕಿರೋನಿಗೆ ದಿನಾ ಎರಡು ಹೊತ್ತು ಪಿಂಡ ಹಾಕು ಅಂತೀಯಲ್ಲ, ನನ್ನ ಕೈ ಬರಲ್ಲ ಕಣೋ.”

“ನಿನ್ನ ಉಪ್ಪೇ ಅವನ ಎದೇಲಿ ನೀರು ತುಂಬಿಸ್ತಿರೋದು ಅಜ್ಜಿ. ನಲವತ್ತಾರಾಗಿದೆ ಉಸಿರು.”

ಅಜ್ಜಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಂಟರ್ವಲ್ ಅದನ್ನೇ ನೋಡುತ್ತ ಬಾಲ ಆಡಿಸಿದ. “ನಾನಾ? ನನ್ನಿಂದ್ಲಾ?”

ಕಿಟ್ಟು ಮೆಲ್ಲಗೆ ಸಾರನ್ನದ ತಟ್ಟೆ ತೆಗೆದಿಟ್ಟ. ಕುಕ್ಕರಿನಿಂದ ಬರೀ ಅನ್ನ ನಾಯಿಯ ತಟ್ಟೆಗೆ ಹಾಕಿದ. ಇನ್ನೊಂದು ತಟ್ಟೆ ತಂದು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

“ನಂಗೂ ಇದನ್ನೇ ಬಡಿಸು.”

“ಉಪ್ಪಿಲ್ದೇನಾ? ಹುಚ್ಚು ಹಿಡೀತೇನೋ?”

“ಪಂಕ್ತೀಲಿ ಕೂತು ಪಿಂಡ ತಿಂದೋರನ್ನ ಎಲ್ಲಾದ್ರೂ ನೋಡಿದೀಯಾ? ನಾನೂ ಅವನೂ ಒಟ್ಟಿಗೆ ಉಂಡ್ರೆ ಅದು ಊಟಾನೇ ತಾನೇ?”

“ಬಿಡ್ತು ಅನ್ನು!” ಎಂದು ಅಜ್ಜಿ ಅವನ ತಲೆಗೆ ಮೊಟಕಿದಳು. ಆದರೆ ಬಡಿಸಿದಳು.

ಪೋಸ್ಟರ್ ಅಂಟಿಸುವ ಮೈದಾ ಅಂಟಿಗೂ ಇದಕ್ಕಿಂತ ರುಚಿ ಇದ್ದೀತು. ಮೂರನೇ ತುತ್ತಿಗೆ ಕಿಟ್ಟುವಿನ ಕಣ್ಣು ಉಪ್ಪಿನಕಾಯಿ ಜಾಡಿಯ ಕಡೆ ಹೋಯಿತು. ಅಜ್ಜಿ ಜಾಡಿಯನ್ನು ಎತ್ತಿ ಮೇಲಿನ ಶೆಲ್ಫಿಗಿಟ್ಟಳು. ಇಂಟರ್ವಲ್ ತನ್ನ ತಟ್ಟೆ ಮೂಸಿ, ಕಿಟ್ಟು ತಿನ್ನುವುದನ್ನು ನೋಡಿ, ನಿಟ್ಟುಸಿರು ಬಿಟ್ಟು ಬಾಯಿ ಹಾಕಿದ.

ಮೂರನೇ ದಿನ ಅಜ್ಜಿ ತನ್ನ ತಟ್ಟೆಯನ್ನೂ ತಂದು ಅದೇ ಸಾಲಿನಲ್ಲಿಟ್ಟಳು. “ನೀವಿಬ್ರೇ ಯಾಕೆ,” ಎಂದಷ್ಟೇ ಹೇಳಿದಳು. ಜನ್ಮದಲ್ಲೇ ಮೊದಲ ಸಲ ಅವಳ ಅನ್ನದ ಪಕ್ಕ ಉಪ್ಪಿರಲಿಲ್ಲ. ಅರ್ಧ ಊಟಕ್ಕೆ, “ನಾಯಿ ಬುದ್ಧಿವಂತ ಕಣೋ, ಇದನ್ನ ಮೂಸಿ ನೋಡಿ ತಿಂತಾನೆ. ನಾವು ನೋಡ್ದೇ ತಿಂದ್ವಿ,” ಎಂದಳು.

ಹತ್ತು ದಿನ ಕಳೆದವು. ಮಧ್ಯಾಹ್ನ ಇಂಟರ್ವಲ್ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಕಿಟ್ಟು ವಾಚು ಹಿಡಿದು ಕೂತ. ಅಜ್ಜಿ ನಾಯಿಯ ಪಕ್ಕೆಯ ಮೇಲೆ ಅಂಗೈಯಿಟ್ಟು ತುಟಿಯಲ್ಲೇ ಎಣಿಸಿದಳು.

“ಆಯ್ತು ಅಜ್ಜಿ, ನಿಮಿಷ.”

“ಇಪ್ಪತ್ತೆಂಟು.”

“ಸರಿಯಾಗಿ ಎಣಿಸಿದ್ಯಾ?”

“ಇನ್ನೊಂದ್ಸಲ ನೋಡು.”

ಇನ್ನೊಂದು ಸಲವೂ ಇಪ್ಪತ್ತೆಂಟೇ. ಕಿಟ್ಟುವಿನ ಎರಡು ಬೆರಳು ಶಿಳ್ಳೆಗೆಂದು ಬಾಯಿಯ ತನಕ ಹೋಗಿ ಅಲ್ಲೇ ನಿಂತವು.

“ಏಳ್ತೀಯಾ ಅಜ್ಜಿ? ನಾನು ಕೂರ್ತೀನಿ.”

“ಕಾಲು ಜೋಮು ಹಿಡಿದು ಅರ್ಧ ಗಂಟೆ ಆಯ್ತು,” ಎಂದಳು ಲೀಲಮ್ಮ, ಕೈ ತೆಗೆಯದೆ. “ಮಲಗಿರ್ಲಿ ಬಿಡು. ರಾತ್ರಿ ಅಡುಗೇಗೆ ಸೊಪ್ಪು ಇಲ್ಲಿಗೇ ತಾ, ಬಿಡಿಸೋಣ. ಚಾಕು ಈಳಿಗೆ ಸದ್ದು ಬೇಡ.”

ಕಿಟ್ಟು ತುದಿಗಾಲಲ್ಲಿ ನಡೆದು ಸೊಪ್ಪಿನ ಕಂತೆ ತಂದ.