ಅಣ್ಣ ಕುಣಿದ ಭಾನುವಾರ

ಎಂಜಿನ್ ಇರುವ ಪುಟ್ಟ ಆಟದ ವಿಮಾನ ಕಟ್ಟುವುದೂ ಹಾರಿಸುವುದೂ ಅಣ್ಣನ ಕೆಲಸ. ಅದರ ಹೊಟ್ಟೆಗೆ ಹಾಕುವುದನ್ನು ಕಲಸಿ ಕೊಡುವುದು ತಮ್ಮನ ಕೆಲಸ. ಹಾಗಂತ ಇಬ್ಬರೂ ಕೂತು ಹಂಚಿಕೊಂಡದ್ದೇನಲ್ಲ. ಅಣ್ಣನಿಗೆ ಅಳತೆ ಅಂದರೆ ಆಗದು, ತಮ್ಮನಿಗೆ ನಾಲ್ಕು ಜನರ ಮುಂದೆ ನಿಲ್ಲುವುದೆಂದರೆ ಬೆವರು. ತಾನಾಗಿಯೇ ಹಾಗೆ ಆಗಿಹೋಗಿತ್ತು.

ಬೀದಿಯ ಮೂಲೆಯಲ್ಲಿ ಅಣ್ಣನದು ಎರಡು ಕುರ್ಚಿಯ ಕ್ಷೌರದಂಗಡಿ. ಕತ್ತರಿಗಿಂತ ನಾಲಿಗೆಯೇ ಒಂದು ಹೆಜ್ಜೆ ಮುಂದೆ. ಅವನ ಮಾತು ಕೇಳುವುದಕ್ಕೆಂದೇ ಗಿರಾಕಿಗಳು ಕೂದಲು ಬೆಳೆಯುವ ಮೊದಲೇ ಬಂದು ಕೂರುತ್ತಿದ್ದರು. ತಮ್ಮ ಹಲ್ಲಿನ ದವಾಖಾನೆಯೊಂದರ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದ. ಮದುವೆಯಾಗಿರಲಿಲ್ಲ, ಊಟ ತಿಂಡಿ ಎಲ್ಲ ಅಣ್ಣನ ಮನೆಯಲ್ಲೇ. ಅಣ್ಣ ಅವನಿಗೆ 'ಹಲ್ಲಪ್ಪ' ಅಂತ ಹೆಸರಿಟ್ಟಿದ್ದ. "ಊರ ಬಾಯಿಗೆಲ್ಲ ಹಲ್ಲು ಕೊಡ್ತಾನೆ, ತಾನು ಮಾತ್ರ ಬಾಯಿ ಬಿಡಲ್ಲ" ಎಂದು ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದ.

ಇಂಧನ ಕಲಸುತ್ತಿದ್ದದ್ದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಬಾಗಿಲು ಕಿಟಕಿ ಎರಡನ್ನೂ ತೆರೆದಿಟ್ಟು. ಎಂಟು ಪಾಲು ಮೆಥನಾಲ್ ಎಂಬ ಸ್ಪಿರಿಟ್ಟು, ಎರಡು ಪಾಲು ಹರಳೆಣ್ಣೆ, ಮೇಲೆ ಎಂಜಿನ್ನಿಗೆ ಬಿರುಸು ಕೊಡಲು ಒಂದಿಷ್ಟು ನೈಟ್ರೋ. ಮೆಥನಾಲ್ ಕ್ಯಾನಿನ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯಲ್ಲಿನ ನೀರನ್ನೆಲ್ಲ ಕುಡಿದು ಕೆಡುತ್ತದೆ. ಆದ್ದರಿಂದ ತಮ್ಮ ಮೊದಲು ಎಣ್ಣೆ ಅಳೆದು, ಚಳಿಗೆ ಗಟ್ಟಿಯಾಗಿದ್ದರೆ ಬಿಸಿಲಿಗಿಟ್ಟು, ಎಲ್ಲ ಸಿದ್ಧವಾದ ಮೇಲೆಯೇ ಕ್ಯಾನಿಗೆ ಕೈ ಹಾಕುತ್ತಿದ್ದ. ಗಾಜಿನ ಜಾಡಿಯನ್ನು ಓರೆಯಾಗಿ ಹಿಡಿದು ನಿಧಾನವಾಗಿ ಆಡಿಸಿದರೆ ಎಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿ ಎದ್ದು, ಕೊನೆಗೆ ಕಾಣದಂತೆ ಕರಗಿಹೋಗುತ್ತಿದ್ದವು. ಆಗ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮಸುಕು ಇದ್ದರೆ ಮತ್ತೊಮ್ಮೆ ಸೋಸುವುದು.

ಅಣ್ಣ ಬಾಗಿಲಲ್ಲಿ ನಿಂತು ಕಾಟ ಕೊಡುತ್ತಿದ್ದ.

"ಇನ್ನೊಂಚೂರು ಖಾರ ಹಾಕೋ, ಹಲ್ಲಪ್ಪ." ಅವನು ಖಾರ ಅನ್ನುತ್ತಿದ್ದದ್ದು ನೈಟ್ರೋಗೆ.

"ಖಾರ ಜಾಸ್ತಿಯಾದ್ರೆ ಎಂಜಿನ್ ಬಾಯಿ ಸುಟ್ಕೊಳ್ಳುತ್ತೆ."

"ಹಾಗಾದ್ರೆ ಎಣ್ಣೆನಾದ್ರೂ ಜಾಸ್ತಿ ಹಾಕು. ಹರಳೆಣ್ಣೆ ಕುಡಿಸಿದ್ರೆ ಯಾರು ತಾನೆ ಓಡಲ್ಲ? ನಮ್ಮಮ್ಮ ಕುಡಿಸ್ತಿದ್ದಾಗ ನೀನೂ ಹೀಗೇ ಹಾರ್ತಿದ್ದೆ."

ಒಮ್ಮೆ ತಮ್ಮ ಅವನನ್ನು ನಡುಹಗಲಿನಲ್ಲಿ ಅಂಗಳಕ್ಕೆ ಕರೆದ. ಡಬ್ಬದ ಮುಚ್ಚಳದಲ್ಲಿ ಒಂದು ಚಮಚ ಮೆಥನಾಲ್ ಹಾಕಿ ಕಡ್ಡಿ ಗೀರಿ ತಾಗಿಸಿ, ನೋಡು ಅಂದ.

"ಏನು ನೋಡೋದು? ಹತ್ಕೊಳ್ಳೇ ಇಲ್ವಲ್ಲೋ."

ತಮ್ಮ ಒಂದು ತರಗೆಲೆಯನ್ನು ಅದರ ಮೇಲೆ ಹಿಡಿದ. ಎಲೆ ಸುಮ್ಮನೆ ಸುರುಟಿಕೊಂಡು ಕಪ್ಪಾಗಿ ಬೆರಳಿಂದ ಉದುರಿತು. ಜ್ವಾಲೆಯೂ ಇಲ್ಲ, ಹೊಗೆಯೂ ಇಲ್ಲ.

"ಬಿಸಿಲಲ್ಲಿ ಇದರ ಬೆಂಕಿ ಕಾಣಲ್ಲ ಅಣ್ಣ. ಅದಕ್ಕೇ ಹೇಳ್ತೀನಿ, ಮೈಮೇಲೆ ಚೆಲ್ಕೊಂಡ್ರೆ ಮೊದಲು ಬಟ್ಟೆ ಬದಲಾಯ್ಸು ಅಂತ."

ಅಣ್ಣ ಬಗ್ಗಿ ಆ ಮುಚ್ಚಳವನ್ನೇ ನೋಡಿದ. "ಥೇಟ್ ನಮ್ಮತ್ತೆ ಸಿಟ್ಟು ಕಣೋ. ಕಾಣಲ್ಲ, ಹತ್ರ ಹೋದ್ರೆ ಗೊತ್ತಾಗುತ್ತೆ." ಅಡುಗೆಮನೆಯಿಂದ ಅತ್ತಿಗೆ, "ಕೇಳಿಸ್ತು" ಎಂದಳು. ಮೂವರೂ ನಕ್ಕರು. ಅಲ್ಲಿಗೆ ಆ ಪಾಠ ಮುಗಿಯಿತು.

ಭಾನುವಾರಗಳಲ್ಲಿ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿಗೆ ಹೋಗುತ್ತಿದ್ದರು. ಇವರ ವಿಮಾನಗಳು ದಾರ ಕಟ್ಟಿದ ದುಂಬಿಯ ಹಾಗೆ: ರೆಕ್ಕೆಯಿಂದ ಎರಡು ಉಕ್ಕಿನ ತಂತಿ ಹೊರಟು ಹಾರಿಸುವವನ ಕೈಹಿಡಿಕೆಗೆ ಬರುತ್ತವೆ, ಅವನು ನಡುವೆ ನಿಂತು ಸುತ್ತುತ್ತಾನೆ, ವಿಮಾನ ಅವನ ಸುತ್ತ ಚೀರುತ್ತ ಹಾರುತ್ತದೆ. ಅಣ್ಣ ಸುಮ್ಮನೆ ಸುತ್ತುತ್ತಿರಲಿಲ್ಲ. ಒಂದು ಕೈ ಸೊಂಟದ ಮೇಲಿಟ್ಟು ಕುಣಿಯುತ್ತಿದ್ದ, ಬೇಕಂತಲೇ ಮುಗ್ಗರಿಸುತ್ತಿದ್ದ, "ಅಯ್ಯೋ, ಎಳ್ಕೊಂಡು ಹೋಗ್ತಿದೆ, ಹಿಡ್ಕೊಳ್ರೋ!" ಎಂದು ಬೊಬ್ಬೆ ಹಾಕುತ್ತಿದ್ದ. ಜನ ವಿಮಾನಕ್ಕಿಂತ ಅವನನ್ನೇ ನೋಡಲು ಬರುತ್ತಿದ್ದರು. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಮಡಿಸುವ ಕುರ್ಚಿಯನ್ನೇ ತಂದು ಹಾಕಿಕೊಳ್ಳುತ್ತಿದ್ದರು.

ಆ ಭಾನುವಾರ ಕಣ್ಣು ಬಿಡಲಾಗದಷ್ಟು ಬಿಸಿಲು. ಹೊಸ ವಿಮಾನ, ಹೊಸ ಎಂಜಿನ್. ಅಣ್ಣನಿಗೆ ಏನನ್ನಿಸಿತೋ, "ಇವತ್ತು ನೀನೇ ಹಾರಿಸೋ" ಎಂದು ತಮ್ಮನ ಬೆನ್ನು ತಟ್ಟಿದ. ತಮ್ಮ ಬೇಡವೆಂದ. "ಹೆದರ್ಕೋಬೇಡ, ಹಲ್ಲು ಕಚ್ಚಿ ಹಿಡ್ಕೊ. ಹಲ್ಲಿಗೇನು ಬರವಾ ನಿಂಗೆ?" ಜನ ನಕ್ಕರು. ತಮ್ಮ ಕೈಹಿಡಿಕೆ ತೆಗೆದುಕೊಂಡು ಬಯಲಿನ ನಡುವೆ ಹೋಗಿ ನಿಂತ. ತಂತಿಯ ಆ ತುದಿಯಲ್ಲಿ ಅಣ್ಣ ವಿಮಾನದ ಪಕ್ಕ ಮಂಡಿಯೂರಿದ.

ಎಂಜಿನ್ ಹತ್ತಲಿಲ್ಲ. ಅಣ್ಣ ವಿಮಾನದ ಮೂತಿಯ ಪಂಖವನ್ನು ಬೆರಳಿಂದ ತಿರುವಿದ. ಅದು ಕೆಮ್ಮಿ ಸುಮ್ಮನಾಯಿತು. ಸೀಸೆಯಿಂದ ಇಂಧನ ಹಿಂಡಿದ, ಮತ್ತೆ ತಿರುವಿದ, ಮತ್ತೆ ಹಿಂಡಿದ. ತೋಳು ಮೇಲಕ್ಕೆ ಮಡಿಚಿರಲಿಲ್ಲ. ಹೊಳೆಯುವ ಪಾಲಿಯೆಸ್ಟರ್ ಅಂಗಿಯ ಕೈಗಳು ಮೊಣಕೈವರೆಗೆ ತೊಯ್ದಿದ್ದವು. ಅಷ್ಟು ದೂರದಿಂದ ತಮ್ಮನಿಗೆ ಅದು ಕಾಣುವಂತಿರಲಿಲ್ಲ. "ಸಾಕು, ಎಂಜಿನ್ನಿಗೆ ಜಾಸ್ತಿಯಾಯ್ತು, ಸ್ವಲ್ಪ ಒಣಗಲಿ!" ಎಂದು ಕೂಗಿದ. ಅಣ್ಣ ಕೈ ಬೀಸಿ, ಇಂಧನ ಹೊತ್ತಿಸುವ ಪ್ಲಗ್ಗಿಗೆ ಬ್ಯಾಟರಿಯ ತಂತಿಯನ್ನು ಮತ್ತೆ ಸಿಕ್ಕಿಸಲು ಬಗ್ಗಿದ.

ಠುಸ್ ಎಂದು ಒಂದು ಸಣ್ಣ ಸದ್ದಾಯಿತು. ಅಷ್ಟೇ.

ಅಣ್ಣ ಛಂಗನೆ ಎದ್ದ. ಎರಡೂ ಕೈಗಳನ್ನು ಮುಂದೆ ಚಾಚಿ ಜಾಡಿಸಿದ. ಆಮೇಲೆ ಕುಣಿಯತೊಡಗಿದ. ಒಂದು ಕಾಲಿನ ಮೇಲೆ ಹಾರಿ, ತಿರುಗಿ, ಕೈಗಳನ್ನು ತೊಡೆಗೆ ಬಡಿದು, ಮತ್ತೆ ಗಾಳಿಯಲ್ಲಿ ಬೀಸಿದ. "ಬೆಂಕಿ! ಬೆಂಕಿ!" ಎಂದು ಕಿರುಚಿದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೋಸ್ಟ್ ಮಾಸ್ತರರು ಕುರ್ಚಿಯಿಂದಲೇ, "ಎಲ್ಲಿದೆಯಯ್ಯಾ ಬೆಂಕಿ? ಇದ್ರೆ ಒಂದು ಬೀಡಿ ಹಚ್ಕೊಡು!" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ನಡುಬಯಲಲ್ಲಿ ನಿಂತ ತಮ್ಮನೂ ನಕ್ಕ. ಹಾರಿಸುವ ಸರದಿ ತಪ್ಪಿತಲ್ಲ ಎಂಬ ಸಮಾಧಾನವೂ ಆ ನಗೆಯಲ್ಲಿತ್ತು.

ನಗದಿದ್ದವಳು ಅತ್ತಿಗೆ ಒಬ್ಬಳೇ. ಮರದ ನೆರಳಲ್ಲಿ ಹೊದಿಕೆ ಹಾಸಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದಿಡುತ್ತಿದ್ದವಳು ಒಮ್ಮೆ ತಲೆಯೆತ್ತಿ ನೋಡಿದಳು. ಮರುಕ್ಷಣ ಆ ಹೊದಿಕೆಯನ್ನೇ ಸೆಳೆದುಕೊಂಡು, ಮೊಟ್ಟೆಗಳು ಹುಲ್ಲಲ್ಲಿ ಉರುಳುತ್ತಿದ್ದರೂ ಲೆಕ್ಕಿಸದೆ ಓಡಿದಳು. ಅವಳು ಓಡುವುದನ್ನು ನೋಡಿ ಜನ ಇನ್ನೂ ಜೋರಾಗಿ ನಕ್ಕರು. ಗಂಡ ಹೆಂಡತಿ ಸೇರಿಯೇ ಆಟ ಕಟ್ಟಿದ್ದಾರೆ ಎಂದುಕೊಂಡರು.

ಆಗ ಅಣ್ಣನ ಕಾಲ ಬಳಿಯ ಒಣಹುಲ್ಲು ತನ್ನಷ್ಟಕ್ಕೆ ತಾನೇ ಕಪ್ಪಾಗುತ್ತ ಅಗಲವಾಗುವುದು ತಮ್ಮನ ಕಣ್ಣಿಗೆ ಬಿತ್ತು.

ಅವನು ಓಡಿದ. ಕೈಹಿಡಿಕೆ ಬಿಡಬೇಕೆಂದು ಹೊಳೆಯಲಿಲ್ಲ. ತಂತಿ ಕಾಲಿಗೆ ಸುತ್ತಿಕೊಂಡು ಮುಖ ಅಡಿಯಾಗಿ ಬಿದ್ದ, ಎದ್ದ, ಮತ್ತೆ ಬಿದ್ದ. "ನೀರು! ನೀರು ಹಾಕ್ರೋ!" ಎಂದು ಕೂಗಿದ. ಅವನ ಗಂಟಲು ಯಾವತ್ತೂ ಅಷ್ಟು ದೊಡ್ಡದಾಗಿ ತೆರೆದಿರಲಿಲ್ಲ. ಆದರೂ ನಗೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ತಲುಪುವಷ್ಟರಲ್ಲಿ ಅತ್ತಿಗೆ ಗಂಡನನ್ನು ನೆಲಕ್ಕೆ ಕೆಡವಿ, ಹೊದಿಕೆಯಲ್ಲಿ ಸುತ್ತಿ, ಅವನ ಮೇಲೆಯೇ ಮಲಗಿದ್ದಳು. ಕೂದಲು ಸುಟ್ಟ ವಾಸನೆ, ಅದರ ಜೊತೆಗೆ ಹರಳೆಣ್ಣೆಯ ವಾಸನೆ. ತಮ್ಮ ಮರದಡಿ ಇಟ್ಟಿದ್ದ ಕುಡಿಯುವ ನೀರಿನ ಕೊಡ ತಂದು ಸುರಿದ. ಎಲ್ಲಿ ಉರಿಯುತ್ತಿದೆ, ಎಲ್ಲಿ ಆರಿದೆ ತಿಳಿಯದು. ಕಂಡಕಂಡಲ್ಲಿ ಸುರಿದ. ಕೊಡ ಖಾಲಿಯಾದ ಮೇಲೂ ಅದನ್ನು ಬಗ್ಗಿಸಿಯೇ ಹಿಡಿದಿದ್ದ. ಪೋಸ್ಟ್ ಮಾಸ್ತರರು ಬಂದು ಅವನ ಕೈಯಿಂದ ಕೊಡ ಬಿಡಿಸಿಕೊಂಡರು. ಅವರ ಮುಖ ಬಿಳಿಚಿಕೊಂಡಿತ್ತು.

"ಬೆಂಕಿ ಇರ್ಲಿಲ್ಲ ಕಣಪ್ಪ," ಎಂದರು. "ನಾನು ನೋಡ್ತಾನೇ ಇದ್ದೆ. ಬೆಂಕಿ ಇರ್ಲೇ ಇಲ್ಲ."

ಆಸ್ಪತ್ರೆಯಲ್ಲಿ ದಾದಿ, ಏನು ತಾಗಿ ಹತ್ತಿಕೊಂಡಿತು ಎಂದು ಕೇಳಿದಳು. ತಮ್ಮ ಎಂಟು ಪಾಲು, ಎರಡು ಪಾಲು ಎಂದು ವಿವರಿಸಲು ಹೊರಟ. ಅವಳು ಅರ್ಧಕ್ಕೇ ಒಳಗೆ ಹೋದಳು. ಬೆಂಚಿನ ಮೇಲೆ ಅತ್ತಿಗೆ ಕೂತಿದ್ದಳು. ಅವಳ ಮುಂದೋಳಿಗೂ ಪಟ್ಟಿ ಕಟ್ಟಿದ್ದರು. ತಮ್ಮ ಅವಳ ಪಕ್ಕ ಕೂತ.

"ನಿಮಗೆ ಹೇಗೆ ಗೊತ್ತಾಯ್ತು ಅತ್ತಿಗೆ?" ಎಂದು ಕೇಳಿದ.

"ಅವರು ತಮಾಷೆ ಮಾಡೋವಾಗ ನಡುವೆ ಒಂದ್ಸಲ ನನ್ನ ಕಡೆ ನೋಡ್ತಾರೆ. ನಾನು ನಕ್ಕೆನಾ ಅಂತ. ಇವತ್ತು ನೋಡ್ಲಿಲ್ಲ."

ಅವಳು ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಬೀದಿಯವರು ಮಾತ್ರ ಸುಮ್ಮನಿರಲಿಲ್ಲ. "ಇವನೇ ಕಲಸಿ ಕೊಟ್ಟದ್ದಂತೆ, ಪಾಕ ಹೆಚ್ಚುಕಮ್ಮಿ ಆಗಿರಬೇಕು" ಎಂದು ಎದುರಿಗೇ ಆಡಿಕೊಂಡರು. ಪಾಕ ಸರಿಯಾಗಿತ್ತು. ಅವನು ಅಂದೂ ಮಸುಕಿಲ್ಲದಂತೆ ಸೋಸಿಯೇ ಕೊಟ್ಟಿದ್ದ. ಆದರೆ ಅದನ್ನು ಯಾರಿಗೆ ಹೇಳುವುದು, ಹೇಳಿ ಏನಾಗಬೇಕು?

ಡಾಕ್ಟರು, ಜೀವಕ್ಕೆ ಭಯವಿಲ್ಲ, ಕೈಗಳ ಬಗ್ಗೆ ಈಗಲೇ ಹೇಳಲಾಗದು ಎಂದಿದ್ದರು. ಹೇಳುವ ಹೊತ್ತಿಗೆ ಯಾರೂ ಹೇಳಬೇಕಾದ್ದೇ ಇರಲಿಲ್ಲ. ಪಟ್ಟಿ ಬಿಚ್ಚಿದಾಗ ಬೆರಳುಗಳ ಚರ್ಮ ಎಳೆದುಕೊಂಡು, ಎರಡೂ ಕೈ ಏನನ್ನೋ ಮುಚ್ಚಿ ಹಿಡಿದಂತೆ ಬಾಗಿ ನಿಂತಿದ್ದವು. ಬಲಗೈ ಹೆಬ್ಬೆರಳು ಅಲುಗುತ್ತಲೇ ಇರಲಿಲ್ಲ. ಅಣ್ಣ ಅವನ್ನು ತಿರುಗಿಸಿ ತಿರುಗಿಸಿ ನೋಡಿದ. "ಡಾಕ್ಟ್ರೇ, ಇದರಲ್ಲಿ ಒಂದನ್ನಾದ್ರೂ ಬಿಚ್ಚಿ ಕೊಡಿ. ಭಿಕ್ಷೆ ಬೇಡೋಕಾದ್ರೂ ಅಂಗೈ ಬೇಕಲ್ವಾ" ಎಂದ. ಡಾಕ್ಟರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಅಣ್ಣ ಅತ್ತಿಗೆಯ ಕಡೆ ನೋಡಿದ. ಅವಳು ನಕ್ಕಳು, ಕಣ್ಣೊರೆಸಿಕೊಂಡಳು.

ತಮ್ಮ ದವಾಖಾನೆಯ ತನ್ನ ಕೋಣೆಯಲ್ಲಿ ಕೂತು ಅಣ್ಣನ ಬಲಗೈಯ ಅಚ್ಚು ತೆಗೆದ. ವಸಡಿನ ಅಚ್ಚು ತೆಗೆಯುವ ಅದೇ ಹಿಟ್ಟಿನಲ್ಲಿ. ಆ ಅಚ್ಚಿನಿಂದ, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಹಿಡಿಕೆ ಮಾಡಿ ಕತ್ತರಿಗೆ ಕೂರಿಸಿದ. ಉಜ್ಜಿ ನಯ ಮಾಡಿದ. ಬಾಗಿದ ಬೆರಳುಗಳ ನಡುವೆ ಅದು ಕರಾರುವಾಕ್ಕಾಗಿ ಕೂತಿತು.

"ಆಹಾ, ಕತ್ತರಿಗೆ ವಸಡು!" ಎಂದು ಅಣ್ಣ ಖುಷಿಪಟ್ಟ. ಕತ್ತರಿ ಆಡಿಸಲು ನೋಡಿದ. ಹಿಡಿಕೆ ಕೂತಿತ್ತು, ಕೈ ಕೂತಿತ್ತು, ಹೆಬ್ಬೆರಳು ಮಾತ್ರ ಏಳಲಿಲ್ಲ. ಭುಜದಿಂದ ಬಲ ಹಾಕಿದ, ಹಣೆಯಲ್ಲಿ ಬೆವರು ಮೂಡಿತು. ಕತ್ತರಿ ಬಾಯಿ ತೆರೆಯಲಿಲ್ಲ. ತಮ್ಮ ಸ್ಪ್ರಿಂಗ್ ಹಾಕಿದ, ಹಿಡಿಕೆಯ ಓರೆ ಬದಲಿಸಿದ, ಮತ್ತೆ ಅಚ್ಚು ತೆಗೆದ. ಒಂದು ದಿನ ಅಣ್ಣ, "ಬಿಡೋ ಹಲ್ಲಪ್ಪ, ನೀನು ಇನ್ನೆಷ್ಟು ಹಲ್ಲು ಕಟ್ಟಿದ್ರೂ ಈ ಬಾಯಿ ಅಗಿಯಲ್ಲ" ಎಂದು ಕೈ ಹಿಂದಕ್ಕೆ ತೆಗೆದುಕೊಂಡ.

ಶೆಡ್ಡಿನಲ್ಲಿ ಕ್ಯಾನು ಹಾಗೇ ಉಳಿದಿತ್ತು. ಚರಂಡಿಗೆ ಸುರಿಯಲು ಮನಸ್ಸು ಒಪ್ಪದು, ಸುಡಲು ಧೈರ್ಯವಿಲ್ಲ. ಇಟ್ಟುಕೊಳ್ಳುವಂತೆಯೂ ಇಲ್ಲ. ಕೊನೆಗೆ ಅದನ್ನು ಮಾರಿದ್ದ ಬಣ್ಣದಂಗಡಿಯವನೇ ಬಂದು ಒಯ್ದ. ಆಗ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅಣ್ಣ, ಯಾರೂ ಹತ್ತಿರವಿಲ್ಲದ್ದು ನೋಡಿ ಕೇಳಿದ:

"ನಾನು ಕುಣೀತಿದ್ದಾಗ ನೀನೂ ನಕ್ಕೆಯಾ?"

ತಮ್ಮ ನೆಲ ನೋಡಿದ. "ನಕ್ಕೆ."

"ಜೋರಾಗಿ?"

"ಹೂಂ."

ಅಣ್ಣ ತಲೆಯಾಡಿಸಿದ. ಕೋಪವೇನೂ ಕಾಣಲಿಲ್ಲ. "ಕೈ ಉರೀತಿತ್ತು, ನಿಜ. ಆದ್ರೆ ಅದಲ್ಲ ಕಣೋ. ಬೆಂಕಿ ಬೆಂಕಿ ಅಂತೀನಿ, ಎಲ್ಲರೂ ನಗ್ತಾರೆ. ನನಗೇ ಅನುಮಾನ ಬಂತು. ಎಲಾ, ನಿಜವಾಗ್ಲೂ ತಮಾಷೆ ಮಾಡ್ತಿದೀನಾ ಅಂತ." ಬಾಗಿದ ಬೆರಳುಗಳನ್ನು ನೋಡಿಕೊಂಡು, "ಈಗ್ಲೂ ಅಂಗಡೀಲಿ ಏನಾದ್ರೂ ಅಂದು ಜನ ನಕ್ಕಾಗ ಎದೆ ಝಲ್ ಅನ್ನುತ್ತೆ," ಎಂದ.

ತಮ್ಮ ಹೋಗಿ ಖಾಲಿ ಶೆಡ್ಡಿನ ಬಾಗಿಲು ಹಾಕಿದ.

ಅಂಗಡಿಯಲ್ಲಿ ಒಂದು ಕುರ್ಚಿ ಮಾರಿಹೋಯಿತು. ಉಳಿದ ಕುರ್ಚಿಯ ಹಿಂದೆ ಅತ್ತಿಗೆ ನಿಂತಳು. ಅಣ್ಣ ಪಕ್ಕದ ಸ್ಟೂಲಿನಲ್ಲಿ ಕೂತು ಬಾಯಲ್ಲೇ ಕ್ಷೌರ ಹೇಳಿಕೊಡುತ್ತಿದ್ದ. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಮೂಲೆ ತಿರುಗುವ ಮೊದಲೇ ರಸ್ತೆ ದಾಟಿ ಬೇರೆ ಅಂಗಡಿಗೆ ಹೋದರು. ಪೋಸ್ಟ್ ಮಾಸ್ತರರು ಬರುತ್ತಿದ್ದರು. ತಲೆಯಲ್ಲಿ ಹೆಚ್ಚೇನೂ ಇಲ್ಲದಿದ್ದರೂ ಬಂದು ಕೂತು, ಅಣ್ಣ ಏನು ಹೇಳಿದರೂ ನಗದೆ, ಗಂಭೀರವಾಗಿ ಹೂಂಗುಟ್ಟುತ್ತಿದ್ದರು.

ತಮ್ಮನೂ ಒಂದು ಸಂಜೆ ಹೋಗಿ ಕೂತ. ಅತ್ತಿಗೆ ಬಿಳಿಯ ಬಟ್ಟೆ ಹೊದಿಸಿ ಕತ್ತಿನ ಹಿಂದೆ ಬಿಗಿಯಾಗಿ ಕಟ್ಟಿದಳು. ಅವನ ಎರಡೂ ಕೈ ಬಟ್ಟೆಯ ಒಳಗೆ ಸಿಕ್ಕಿಕೊಂಡವು.

"ಬಾಚಣಿಗೆ ಕೆಳಗಿಂದ ಎತ್ತು," ಅಣ್ಣ ಹೇಳಿದ. "ಹಾಂ. ಅಷ್ಟೇ ಬಿಡು. ಅಯ್ಯೋ, ಅಷ್ಟಲ್ಲ. ಹೋಗ್ಲಿ, ಬೆಳೆಯುತ್ತೆ."

ಕತ್ತರಿ ಕಿವಿಯ ಹತ್ತಿರ ತಡವರಿಸಿತು. ಅತ್ತಿಗೆ ಉಸಿರು ಹಿಡಿದಿದ್ದಳು. ಕನ್ನಡಿಯಲ್ಲಿ ಅಣ್ಣ ಕಾಣುತ್ತಿದ್ದ: ಮುಂದಕ್ಕೆ ಬಾಗಿ, ಮಡಿಲಲ್ಲಿದ್ದ ಆ ಎರಡು ಕೈಗಳನ್ನು ಅವಳ ಕತ್ತರಿಯ ಜೊತೆ ಜೊತೆಗೇ ಆಡಿಸಲು ನೋಡುತ್ತಿದ್ದ. ಅವು ಆಡುತ್ತಿರಲಿಲ್ಲ. ತಮ್ಮನ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲು ಕೈ ಹೊರಗಿರಲಿಲ್ಲ.

"ಅಲುಗಾಡಬೇಡ ಕಣೋ," ಅಂದ ಅಣ್ಣ. "ಅವಳಿಗಿನ್ನೂ ಕೈ ಕೂತಿಲ್ಲ."