ಒಂದೂವರೆ ಅಡಿ ಬಾಗಿಲು

“ತಲೆ ಈ ಕಡೆ ತಿರುಗಿಸಿ, ತಲೆ, ತಲೆ!” ಎಂದು ಮೈದುನ ಕೂಗುತ್ತಲೇ ಇದ್ದ. ಯಾವ ಕಡೆ ತಿರುಗಿಸಿದರೂ ಅವನ ಅಣ್ಣನ ಹೆಣ ದೋಣಿಮನೆಯ ಒಂದೂವರೆ ಅಡಿ ಬಾಗಿಲಲ್ಲಿ ತೂರಲಿಲ್ಲ. ಮೂರು ಮೆಟ್ಟಿಲು ಹತ್ತಿ ಒಮ್ಮೆಲೇ ಬಲಕ್ಕೆ ಹೊರಳಬೇಕು. ಬದುಕಿರುವವರೇ ಉಸಿರು ಬಿಗಿಹಿಡಿದು ನುಸುಳುವ ಜಾಗ. ಸೆಟೆದುಕೊಂಡ ದೇಹ ಬಗ್ಗೀತೆ?

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಲ್ಲಿಸಿ, ಹಗ್ಗ ಕಟ್ಟಿ ಎಳೆದುಬಿಡೋಣ.”

“ನಿಮ್ಮಣ್ಣ ಏನು ಮೂಟೇನಾ?”

“ಮತ್ತೇನು ಮಾಡೋದು? ದಡದಲ್ಲಿ ಜನ ಕಾಯ್ತಿದ್ದಾರೆ.”

ಅವಳಿಗೆ ರೇಗಿಹೋಯಿತು. ಮೈದುನನ ಮೇಲೋ, ಬಾಗಿಲ ಮೇಲೋ, ಅದನ್ನಿಟ್ಟು ಸತ್ತವನ ಮೇಲೋ ಅವಳಿಗೇ ತಿಳಿಯಲಿಲ್ಲ.

*

ಹದಿನೆಂಟು ವರ್ಷದ ಹಿಂದೆ, ಬಾಡಿಗೆ ಮನೆಗಳ ಸಹವಾಸವೇ ಸಾಕೆಂದು ಗಂಡ ಈ ಹಳೇ ದೋಣಿ ಕೊಂಡಿದ್ದ. ಜನ ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಕ್ಯಾಪ್ಟನ್ನನ ದೋಣಿ ಕಟ್ಟಿದ ಕಂಬ ಬಿಟ್ಟು ಒಂದು ಮಾರು ಕದಲಿದ್ದಿಲ್ಲ! ಬಟ್ಟೆ ಒಣಗದು, ಹಾಸಿಗೆಗೆ ಬೂಷ್ಟು, ಕುಡಿಯುವ ನೀರನ್ನು ದಡದಿಂದ ಹೊರಬೇಕು, ಕಕ್ಕಸಿನ ಡಬ್ಬವನ್ನು ದಡಕ್ಕೆ ಹೊರಬೇಕು. ಎಲ್ಲವನ್ನೂ ನುಂಗಿಕೊಂಡು ಅವಳು ಕೇಳಿದ್ದು ಒಂದೇ.

“ಬಾಗಿಲು ಸ್ವಲ್ಪ ದೊಡ್ಡದು ಮಾಡ್ರೀ.”

“ದೊಡ್ಡದು ಮಾಡಿದ್ರೆ ಅಲೆ ಒಳಗೆ ಬರುತ್ತೆ ಕಣೇ.”

“ನಾಳೆ ನಾನು ಸತ್ರೆ ಹೇಗೆ ಹೊರಗೆ ತರ್ತೀರಿ?”

“ಮೊದಲು ಹೋಗೋನು ನಾನು ತಾನೆ? ಆಗ ನೋಡ್ಕೋ,” ಎಂದು ನಕ್ಕಿದ್ದ ಪುಣ್ಯಾತ್ಮ.

*

ಪಕ್ಕದ ದೋಣಿಯ ಬಡಗಿಯನ್ನು ಕರೆದಳು. “ಛಾವಣಿ ಕೊಯ್ಯಿ.”

“ಅಕ್ಕಾ, ಮಳೆ ಬಂದ್ರೆ ಎಲ್ಲಿ ಮಲಗ್ತೀರಾ?”

“ಇವರು ಮಲಗಿಕೊಂಡೇ ಹೋಗ್ಲಿ. ನನ್ನದು ಆಮೇಲೆ.”

ಹಾಸಿಗೆಯ ನೇರಕ್ಕೆ ಆರಡಿ ಹಲಗೆ ಕೊಯ್ದು ತೆಗೆದರು. ನಾಲ್ವರು ಕಂಬಳಿಯಲ್ಲಿ ಅವನನ್ನು ಮಟ್ಟಸವಾಗಿ ಮೇಲೆತ್ತಿದರು. ಅಂತೂ ಕ್ಯಾಪ್ಟನ್ ಹೊರಟ.

ಮಧ್ಯಾಹ್ನ ಮಣ್ಣು ಮಾಡಿ ಬಂದಾಗ ಬಡಗಿ ಟಾರ್ಪಾಲು ಹಿಡಿದು ನಿಂತಿದ್ದ. “ಮುಚ್ಚಿಬಿಡ್ಲಾ ಅಕ್ಕಾ?”

“ಇರು,” ಎಂದವಳೇ ಒಳಗಿಳಿದು ಕೊಯ್ದ ಜಾಗದ ಕೆಳಗೆ ಬಂದಳು. ಆ ಕೋಣೆಯ ಎತ್ತರ ನಾಲ್ಕೂವರೆ ಅಡಿ. ತಗ್ಗಿಸಿಯೇ ಅಭ್ಯಾಸವಾದ ಕತ್ತನ್ನು ಮೆಲ್ಲಗೆ ಎತ್ತಿದಳು, ಬೆನ್ನು ಸೆಟೆಸಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ತನ್ನ ಮನೆಯೊಳಗೆ ಅವಳು ನೆಟ್ಟಗೆ ನಿಂತಿದ್ದಳು. ತಲೆ ಛಾವಣಿಯ ಆಚೆ, ಬಿಸಿಲಲ್ಲಿತ್ತು.