ಹದಿನಾರನೇ ಮನೆಗೆ ಗೆಣಸಿನ ಹಾಲು

"ನನ್ನ ನೆನಪಿನ ಮೇಲೆ ಅನುಮಾನ ಇದ್ದೋರು ಬಂದು ಈ ಹಗ್ಗ ಹಿಡ್ಕೊಳ್ಳಿ, ನಾನು ಮನೆಗೆ ಹೋಗ್ತೀನಿ," ಎಂದು ಮುರುಗೇಶಪ್ಪ ಹೆಣ ಹೊರುವ ವಿಮಾನದ ಬಿದಿರು ಬಿಗಿಯುತ್ತಲೇ ಗದರಿದ. "ಭದ್ರಾವತಿಗೆ ಬಂದು ಮೂವತ್ತು ವರ್ಷ ಆಯ್ತು. ಕಾರ್ಖಾನೆ ಲೈನಿನ ಈ ಸಾಲಲ್ಲಿ ಎಷ್ಟು ಸಾವಾಗಿದೆ ಅಂತ ನನ್ನ ಕೇಳಿ. ಕಾಶಮ್ಮಂದು ಬಿಟ್ಟು ಹದಿನಾರು."

"ಹದಿನೈದು ಇರ್ಬೇಕು ಅಜ್ಜಾ," ಎಂದ ಗಂಟು ಹಾಕುತ್ತಿದ್ದ ಫರ್ನೇಸಿನ ಕೆಲಸಗಾರ. "ಹದಿನೈದು ಸಾವಿನ ಮನೆಗೆ ಕಾಶಮ್ಮ ಗೆಣಸಿನ ಹಾಲು ಕೊಟ್ಟವ್ಳೆ ಅಂತ ನೀವೇ ಈಗ ಹೇಳಿದ್ರಿ."

"ಹಾಲು ಹೋಗಿದ್ದು ಹದಿನೈದು ಮನೆಗೆ. ಸಾವು ಹದಿನಾರು. ಕಿವಿ ನೆಟ್ಟಗಿಲ್ದಿದ್ರೆ ಗಂಟಾದ್ರೂ ನೆಟ್ಟಗೆ ಹಾಕು ಮಾರಾಯ."

"ಹಂಗಾದ್ರೆ ಹದಿನಾರನೇದು ಯಾವ್ದು?"

ಮುರುಗೇಶಪ್ಪ ದನಿ ತಗ್ಗಿಸಿದ. ಅವನ ತಗ್ಗಿಸಿದ ದನಿಯೂ ಮೂರನೇ ಮನೆಗೆ ಕೇಳುತ್ತಿತ್ತು. "ಇದೇ ಮನೆ. ಇವಳ ಮೊಮ್ಮಗು ಹೋಯ್ತಲ್ಲ, ಆವಾಗ."

ಒಳಗೆ, ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆಯ ಪಕ್ಕದಲ್ಲಿ ಕೂತಿದ್ದ ಉಮಾಮಹೇಶ್ವರಿಗೆ ಅದು ಕೇಳಿಸಿತು. ಕಾಶಮ್ಮನ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಬದುಕಿದ್ದಾಗ ಹೀಗೆ ಒಂದು ಕಡೆ ಸುಮ್ಮನೆ ಕೂತಿದ್ದನ್ನು ಸೊಸೆ ಕಂಡಿರಲಿಲ್ಲ.

ಉಮಾಳ ಚಿಕ್ಕಮ್ಮ ಶಂಕರಮ್ಮ ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಅವಳು ಉಮಾಳ ಮಂಡಿ ತಿವಿದಳು. "ಕೇಳಿಸ್ಕೊಂಡ್ಯಾ? ನಾನು ಹೇಳ್ತಿದ್ದುದು ಸುಳ್ಳಲ್ಲ ಹಂಗಾದ್ರೆ. ಊರಿಗೆಲ್ಲ ಉಪಕಾರಿ, ಮನೆ ಸೊಸೆಗೆ ಬರೀ ಕೈ. ಇನ್ನು ಹೋದೋಳ ಮೇಲೆ ಆಡಬಾರದು ಬಿಡು," ಎಂದು ಆಡಬೇಕಾದ್ದನ್ನೆಲ್ಲ ಆಡಿ ಮುಗಿಸಿದಳು.

ಚಿಕ್ಕಮ್ಮ ಹೇಳಿಕೊಂಡು ತಿರುಗಿದ ಆ ಮಾತು ಮೊದಲು ಹೊರಟದ್ದು ಉಮಾಳ ಬಾಯಿಂದಲೇ.

*

ಹೆಣ ಇರುವ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬೇರೆಯವರು ಏನಾದರೂ ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಸಾಲಿನಲ್ಲಿ ಹಾಗೆ ತರುವ ಕೆಲಸವನ್ನು ಯಾರೂ ಹೇಳದೆಯೇ ಕಾಶಮ್ಮ ವಹಿಸಿಕೊಂಡಿದ್ದಳು. ಅತ್ತು ಅತ್ತು ಒಣಗಿದ ಗಂಟಲಿಗೆ ಅನ್ನ ಇಳಿಯುವುದಿಲ್ಲ, ಗೆಣಸಿನ ಹಾಲು ಇಳಿಯುತ್ತದೆ ಎನ್ನುವುದು ಅವಳ ವಾದ. ಗೆಣಸು ಸಿಗದ ತಿಂಗಳುಗಳಿಗೆಂದು ಹೋಳು ಮಾಡಿ, ಒಣಗಿಸಿ, ಡಬ್ಬದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಸಾವಿಗೆ ಸಿದ್ಧತೆ ಮಾಡಿಕೊಂಡು ಕೂತಿದ್ದಾಳೆ ಎಂದು ಗಂಡ ಉಜ್ಜನಪ್ಪ ಬೈಯುತ್ತಿದ್ದ.

ಐವತ್ತೇಳನೇ ಇಸವಿಯ ಚಳಿಗಾಲದಲ್ಲಿ ಉಮಾಳ ಎಂಟು ತಿಂಗಳ ಹೆಣ್ಣುಮಗು ಮೂರು ದಿನದ ಜ್ವರಕ್ಕೆ ಹೋಯಿತು. ಅವತ್ತು ಸಾಲಿನ ಹೆಂಗಸರೆಲ್ಲ ಬಂದರು, ಅತ್ತರು, ಹೋದರು. ಯಾರೂ ಏನೂ ತರಲಿಲ್ಲ. ಕಾಶಮ್ಮನ ಮನೆಗೇ ನಾವು ಹಾಲು ಒಯ್ಯುವುದೇ ಎಂದು ಒಬ್ಬೊಬ್ಬರೂ ಅಂದುಕೊಂಡರು. ಅತ್ತೆಯೋ, ನಡುವೆ ಎದ್ದು ಎಲ್ಲಿಗೋ ಹೋದವಳು ಬರಿಗೈಯಲ್ಲಿ ಬಂದು ಮೂಲೆಯಲ್ಲಿ ಕೂತಳು.

ಮಧ್ಯಾಹ್ನ ಶಂಕರಮ್ಮ ಬಂದು, "ಹಿತ್ತಿಲ ಬಾಗಿಲಿಗೆ ಪಕ್ಕದ ಮನೆ ಸಾಬರ ಹೆಂಗಸು ಬಂದಿದ್ದಾಳೆ. ಏನೋ ಪಾತ್ರೆ ಹಿಡ್ಕೊಂಡಿದ್ದಾಳೆ," ಎಂದಿದ್ದಳು. ಉಮಾ ತಲೆ ಎತ್ತದೆ, "ಬೇಡ ಅನ್ನಿ," ಎಂದಿದ್ದಳು.

ಸಂಜೆ ಎದ್ದು ನಿಂತರೆ ಕಣ್ಣು ಕತ್ತಲೆ. ಎದೆಯಲ್ಲಿ ಮಗುವಿನ ಹಾಲು ಕಟ್ಟಿಕೊಂಡು ಸೆರಗು ಒದ್ದೆಯಾಗುತ್ತಿತ್ತು. ಆಗ ಉಮಾ ಚಿಕ್ಕಮ್ಮನ ಭುಜಕ್ಕೆ ಒರಗಿ ಹೇಳಿದ್ದು ಒಂದೇ ಮಾತು: "ಊರಿಗೆಲ್ಲ ಹಾಲು ಕಾಯಿಸೋಳು ನನಗೊಂದು ಗುಟುಕು ಕೊಡ್ಲಿಲ್ಲ, ಚಿಕ್ಕಮ್ಮ."

ಆ ಮಾತು ಶಂಕರಮ್ಮನ ಜೊತೆ ಬಸ್ಸು ಹತ್ತಿತು. ಶಿವಮೊಗ್ಗದ ಗಾಂಧಿ ಬಜಾರಿನ ನೆಂಟರ ಮನೆಗಳಲ್ಲಿ, ಮದುವೆ ಪಂಕ್ತಿಗಳಲ್ಲಿ, ಸೀಮಂತಗಳಲ್ಲಿ ಅದು ದಷ್ಟಪುಷ್ಟವಾಗಿ ಬೆಳೆಯಿತು. ವರ್ಷ ತಿರುಗುವುದರೊಳಗೆ ಉಮಾ ಗಂಡನನ್ನು ಎಬ್ಬಿಸಿಕೊಂಡು ಶಿವಮೊಗ್ಗದಲ್ಲಿ ಬೇರೆ ಮನೆ ಮಾಡಿದಳು. ಆಮೇಲೆ ಅತ್ತೆ ಸೊಸೆ ಹಬ್ಬಕ್ಕೆ ಸಿಕ್ಕರೆ ಸಿಕ್ಕರು. ಮಾತು ಮಳೆ ಬೆಳೆಯದ್ದು.

*

ವಿಮಾನ ಸಾಲು ದಾಟಿ ಹೋಯಿತು. ಉಳಿದ ಹೆಂಗಸರು ಮನೆ ತೊಳೆದರು. ಮಣ್ಣು ಮುಗಿಸಿ ಬರುವವರಿಗೆ ಬಿಸಿಯಾಗಿ ಏನಾದರೂ ಕೊಡಬೇಕಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಕುಡಿದವರೇ ಎಲ್ಲರೂ, ಮಾಡಲು ಕಲಿತವರು ಒಬ್ಬರೂ ಇರಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ಪಕ್ಕದ ಮನೆಯ ಶಮ್ಸುನ್ನೀಸಾ, ಲಾರಿ ಡ್ರೈವರ್ ಖಾಜಾ ಪೀರನ ಹೆಂಡತಿ. ಸೆರಗಿನ ತುಂಬ ಕೆಂಪು ಗೆಣಸು.

"ಮಾಡಿ ತಂದ್ರೆ ಮತ್ತೆ ವಾಪಸ್ ಹೋಗುತ್ತೇನೋ ಅಂತ ಹಸೀದೇ ತಂದೀನಿ," ಎಂದಳು. "ನಿಮ್ಮ ಒಲೇಲೇ ಮಾಡು ಬೇಟಿ. ನಾನು ಇಲ್ಲಿ ನಿಂತು ಹೇಳ್ತೀನಿ."

"ಒಳಗೆ ಬನ್ನಿ."

"ಬೇಡ. ಹಿರಿಯರು ವಾಪಸ್ ಬರೋ ಹೊತ್ತು."

ಉಮಾ ಒಲೆ ಹೊತ್ತಿಸಿದಳು. ಗೆಣಸು ಬೆಂದಿತು.

"ಬಿಸಿ ಇರೋವಾಗ್ಲೇ ಸುಲಿ. ಆರಿದ್ರೆ ಸಿಪ್ಪೆ ಜೊತೆ ತಿರುಳೂ ಬರುತ್ತೆ. ಕೈ ಸುಡುತ್ತೆ, ಸುಡ್ಲಿ. ಸಾವಿನ ಮನೆಯೋರಿಗೆ ಮಾಡೋವಾಗ ಕೈ ಸುಡ್ಬೇಕಂತೆ."

ಉಮಾಳ ಕೈ ನಿಂತಿತು. ಅದು ಅತ್ತೆಯ ಮಾತು.

"ನಾರು ಬಾಳ ಇರುತ್ತೆ. ಬಿಸಿನೀರಲ್ಲಿ ಕಿವುಚಿ, ತೆಳು ಬಟ್ಟೇಲಿ ಸೋಸು. ಬೆಲ್ಲದ ಪಾಕ, ಒಣಶುಂಠಿ, ಏಲಕ್ಕಿ. ಹಾಲು ಈಗ್ಲೇ ಬೇಡ. ಬೆಲ್ಲ ಬಿದ್ದಿದೆ, ಒಡೆದೋಗುತ್ತೆ. ಕೆಳಗಿಳಿಸಿ, ನೂರು ಎಣಿಸಿ, ಆಮೇಲೆ ಹುಯ್ಯಿ."

"ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು?"

ಶಮ್ಸುನ್ನೀಸಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮ್ಮತ್ತೇನೇ, ನಿನ್ನ ಮಗು ಹೋದ ದಿನ. ನಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತ್ಕೊಂಡು, ಈಗ ನಾನು ನಿಂತಿದೀನಲ್ಲ ಹಿಂಗೇ. ನಮ್ಮನೇಲಿ ಒಲೆ ಹಚ್ಚೋ ಹಾಗಿಲ್ಲ, ನೀನು ಮಾಡಿಕೊಡು, ನನ್ನ ಸೊಸೆ ನೆನ್ನೆಯಿಂದ ಏನೂ ಕುಡಿದಿಲ್ಲ ಅಂದ್ರು. ನಾನೇ ತಂದೆ. ಬೇಡ ಅಂದ್ರಿ."

ಒಲೆಯಲ್ಲಿ ಸೌದೆ ಕುಸಿಯಿತು. ಉಮಾ ಅದನ್ನು ನೂಕಲಿಲ್ಲ.

"ಅದನ್ನ ಏನು ಮಾಡಿದ್ರಿ?"

"ಚೆಲ್ಲಕ್ಕೆ ಹೋದೆ. ಕೈ ಹಿಡ್ಕೊಂಡ್ರು. ಕೂಸಿನ ತಾಯಿಗೆ ಅಂತ ಮಾಡಿದ್ದು ನೆಲಕ್ಕೆ ಬೀಳಬಾರದು ಅಂತ ನಮ್ಮ ಹೊಸ್ತಿಲ ಮೇಲೆ ಕೂತು ಪೂರ್ತಿ ಕುಡಿದ್ರು. ಇಪ್ಪತ್ತು ವರ್ಷದ ನೆರೆ, ಅಷ್ಟರ ತನಕ ನಮ್ಮನೆ ನೀರೂ ಮುಟ್ಟಿರ್ಲಿಲ್ಲ ಅವರು."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ."

"ನಾನು ಹೇಳ್ತೀನಿ ಅಂದೆ. ಬೇಡ ಅಂದ್ರು. ಮಗು ಕಳ್ಕೊಂಡೋಳು, ಅವಳ ತಲೆ ಮೇಲೆ ಇನ್ನೊಂದು ತಪ್ಪು ಹೊರಿಸಬೇಡ, ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ, ಸಿಟ್ಟಿಗಾದ್ರೂ ಬದುಕ್ತಾಳೆ ಅಂದ್ರು."

ಉಮಾ ಪಾತ್ರೆ ಕೆಳಗಿಳಿಸಿ ಎಣಿಸತೊಡಗಿದಳು. ನಲವತ್ತರ ಆಚೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಎಣಿಸಿದಳು.

ಗಂಡಸರು ಕಾಲು ತೊಳೆದು ಜಗಲಿಯಲ್ಲಿ ಕೂತರು. ಲೋಟಗಳು ಕೈಗೆ ಬಂದವು. ಮುರುಗೇಶಪ್ಪ ಎರಡನೇ ಲೋಟಕ್ಕೂ ಕೈ ಚಾಚಿದ. ಉಜ್ಜನಪ್ಪ ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. "ಶುಂಠಿ ಜಾಸ್ತಿ ಆಯ್ತು," ಎಂದು ಆಮೇಲೆ ನುಂಗಿದ.

"ಚಿಕ್ಕಮ್ಮ ಎಲ್ಲಿ?" ಎಂದು ಉಮಾ ಕೇಳಿದಳು.

"ನಾಲ್ಕರ ಬಸ್ಸು ತಪ್ಪುತ್ತೆ ಅಂತ ಹೋದ್ರಲ್ಲ, ಈಗಷ್ಟೇ," ಎಂದ ಅವಳ ಗಂಡ ಧರ್ಮಪ್ಪ.

ಉಮಾ ಅಂಗಳಕ್ಕಿಳಿದವಳು ಓಡಿದಳು. ಸಾವಿನ ಮನೆಯ ಸೊಸೆ ಬೀದಿಯಲ್ಲಿ ಹಾಗೆ ಓಡುವುದನ್ನು ಸಾಲಿನವರು ನಿಂತು ನೋಡಿದರು. ಬಸ್ಸಿನ ಎಂಜಿನ್ ಆಗಲೇ ಗುಡುಗುತ್ತಿತ್ತು. ಶಂಕರಮ್ಮ ಕಿಟಕಿ ಪಕ್ಕ ಕೂತು ಚೀಲವನ್ನು ಕಾಲ ಸಂದಿಗೆ ತುರುಕುತ್ತಿದ್ದಳು.

"ಚಿಕ್ಕಮ್ಮ, ಆವತ್ತು ಹಾಲು ಬಂದಿತ್ತು. ಅತ್ತೇನೇ ಮಾಡಿಸಿ ಕಳಿಸಿದ್ದು. ಬೇಡ ಅಂದಿದ್ದು ನಾನು."

"ಏನು? ಯಾವ ಹಾಲು?"

"ನೀವು ಯಾರ್ಯಾರ ಹತ್ರ ಅತ್ತೆ ಮಾತು ಆಡಿದೀರೋ, ಅವರ ಮನೆಗೆಲ್ಲ ಹೋಗಿ ಇದನ್ನೂ ಹೇಳಿ. ಒಬ್ಬರನ್ನೂ ಬಿಡಬೇಡಿ. ಅವರು ಇನ್ನೊಬ್ಬರಿಗೆ ಹೇಳಿದ್ರೆ, ಅವರಿಗೂ ಹೇಳೋಕೆ ಹೇಳಿ."

ಬಸ್ಸು ಒಮ್ಮೆ ಕೆಮ್ಮಿ ಮುಂದಕ್ಕೆ ಜಗ್ಗಿತು. ಶಂಕರಮ್ಮ ಕೇಳಿಸದವಳಂತೆ ಕಿವಿಗೆ ಕೈ ಹಚ್ಚಿ, "ಆಯ್ತು ಕಣೆ ಮಾರಾಯ್ತಿ, ಹುಷಾರು, ಹೊತ್ತಿಗೆ ಸರಿಯಾಗಿ ಉಣ್ಣು," ಎಂದಳು. ಕೆಂಪು ಧೂಳು ಎದ್ದಿತು. ಅವಳು ಮೂಗಿಗೆ ಸೆರಗು ಮುಚ್ಚಿಕೊಂಡು, ಮೇಲೆ ಸುತ್ತಿಟ್ಟಿದ್ದ ಕ್ಯಾನ್ವಾಸ್ ಪರದೆಯ ದಾರ ಬಿಚ್ಚಿ ಕಿಟಕಿಯ ಮೇಲೆ ಇಳಿಬಿಟ್ಟಳು. ತೆವಳುತ್ತಿದ್ದ ಬಸ್ಸಿನ ಆ ಪರದೆಯ ಪಕ್ಕದಲ್ಲೇ ಉಮಾ ಹೇಳುತ್ತ ಹೇಳುತ್ತ ಸೇತುವೆಯ ತನಕ ನಡೆದಳು.